ಸೀಗಡಿಗೆ ಲಿವರ್ ಟಾನಿಕ್

ಮೊನ್ನೆ ಕುಮಟಾ ಹತ್ತಿರ ಅಕ್ಕನ ಮನೆಗೆ ಹೋಗಿದ್ದೆ. ಜಗಲಿ ಮೇಲೆ ಸಾಲಾಗಿ ಔಷಧಿ ಡಬ್ಬಗಳು. ಯಾರಿಗೆ ಹುಷಾರಿಲ್ಲವೋ ಅಂತ ಗಾಬರಿಯಾಯಿತು.

"ನಮಗಲ್ಲ ಮಾರಾಯ, ಸೀಗಡಿಗೆ" ಅಂದರು ಕೆರೆಯಲ್ಲಿ ಸೀಗಡಿ ಸಾಕುವ ಭಾವ.

ಲಿವರ್ ಟಾನಿಕ್, ವಿಟಮಿನ್ ಸಿ, ಇಮ್ಯೂನಿಟಿಗೆ ಅಂತ ಬೀಟಾ ಗ್ಲುಕನ್, ಬೆಳ್ಳುಳ್ಳಿ ಸಾರ, ಹೊಟ್ಟೆಗೊಂದು ಪ್ರೋಬಯಾಟಿಕ್ (ಅಂದರೆ ಒಳ್ಳೆ ಬ್ಯಾಕ್ಟೀರಿಯಾ), ಕೆರೆ ನೀರಿಗೆ ಬೆಲ್ಲ ಕಲಸಿ ಹಾಕುವ ಇನ್ನೊಂದು ಪ್ರೋಬಯಾಟಿಕ್, ಚಿಪ್ಪು ಗಟ್ಟಿಯಾಗಲು ಮಿನರಲ್ಸ್. ಅಕ್ಕ ಎರಡು ವರ್ಷದಿಂದ ಮಂಡಿನೋವಿಗೆ ಹಚ್ಚುತ್ತಿರುವುದು ಬರೀ ತೆಂಗಿನೆಣ್ಣೆ.

ಇಷ್ಟೆಲ್ಲ ಯಾರ ಮೇಲೆ ಯುದ್ಧ ಅಂದರೆ ವಿಬ್ರಿಯೊ ಮೇಲೆ. ಉಪ್ಪುನೀರಿದ್ದಲ್ಲಿ ಇರುವ ಬ್ಯಾಕ್ಟೀರಿಯಾ ಅದು. ಅಘನಾಶಿನಿ ನೀರು ಕೆರೆಗೆ ಬಿಟ್ಟರೆ ಅದೂ ಜೊತೆಗೇ ಬಂತು. ಬಂದದ್ದು ಸುಮ್ನೆ ಇದ್ದೀತು, ಆದರೆ ಮಿಕ್ಕ ಫೀಡು, ಹಿಕ್ಕೆ ಎಲ್ಲ ತಳದಲ್ಲಿ ಕೊಳೆತು ಕಪ್ಪು ಕೆಸರಾದರೆ ಅದಕ್ಕೆ ದಿನಾ ಮದುವೆ ಊಟ. 2009ರ ಹೊತ್ತಿಗೆ ಚೀನಾದಲ್ಲಿ ಶುರುವಾಗಿ ವಿಯೆಟ್ನಾಂ, ಥಾಯ್ಲೆಂಡ್‌ವರೆಗೂ ಮರಿ ಬಿಟ್ಟ ತಿಂಗಳೊಪ್ಪತ್ತಿನಲ್ಲಿ ಕೆರೆಗೆ ಕೆರೆಯೇ ಸತ್ತಿತು. ವಿಷ ಉಗುಳುವ ಒಂದು ಬಗೆಯ ವಿಬ್ರಿಯೊ ಕೆಲಸ ಅಂತ 2013ರಲ್ಲಿ ಗೊತ್ತಾಯಿತು. ಹಾಗಾಗಿ ಹೆದರಿಕೆ ಸುಳ್ಳಲ್ಲ. ಅದನ್ನು ಕೆಜಿ ಲೆಕ್ಕದಲ್ಲಿ ಮಾರುತ್ತಾರಲ್ಲ, ಅದು ತಮಾಷೆ.

ಆಂಟಿಬಯಾಟಿಕ್ ಹಾಕಿದರೆ ಯುರೋಪಿನವರು ಕಂಟೇನರ್ ವಾಪಸ್ ಕಳಿಸುತ್ತಾರೆ. ಒಳ್ಳೆಯದೇ ಆಯಿತು. ಆದರೆ ಅದು ಎದ್ದ ಕುರ್ಚಿಯಲ್ಲಿ 'ಇಮ್ಯೂನಿಟಿ' ಬಂದು ಕೂತಿದೆ. ಹೊಟ್ಟೆ ತಲೆಯೊಳಗೇ ಇರುವ, ನಮ್ಮ ಹಾಗೆ ಆಂಟಿಬಾಡಿ ತಯಾರಿಸಲು ಬಾರದ ಪ್ರಾಣಿಗೆ ಡಬ್ಬದ ಮೇಲೆ ಪೈಲ್ವಾನನ ಮೈಕಟ್ಟು! ಲ್ಯಾಬಿನ ತೊಟ್ಟಿಯಲ್ಲಿ ಗ್ಲುಕನ್, ಪ್ರೋಬಯಾಟಿಕ್ ಉಪಯೋಗಕ್ಕೆ ಬಂದದ್ದುಂಟು, ಇಲ್ಲ ಅನ್ನಲ್ಲ. ಆದರೆ ಸೀಗಡಿ ಹಲ್ಲಿಲ್ಲದ ಅಜ್ಜ ಚಕ್ಕುಲಿ ತಿಂದ ಹಾಗೆ ಫೀಡು ಹಿಡಿದುಕೊಂಡು ನಿಧಾನಕ್ಕೆ ಕೆರೆಯುತ್ತಾ ತಿನ್ನುತ್ತದೆ, ಅಷ್ಟರಲ್ಲಿ ಮೇಲೆ ಸವರಿದ ಟಾನಿಕ್ಕಿನ ಒಳ್ಳೆ ಪಾಲು ನೀರುಪಾಲು. ಅದು ತೊಳೆದು ಹೋಗದಿರಲು ಬೈಂಡರ್ ಅಂತ ಮತ್ತೊಂದು ಡಬ್ಬ.

ಇದನ್ನೆಲ್ಲ ಬರೆದುಕೊಡುವುದು ಬೈಕಿನಲ್ಲಿ ಬರುವ ಒಬ್ಬ 'ಡಾಕ್ಟರು'. ಔಷಧಿ ಕಂಪನಿಯವರೇ. ಕಳೆದ ಬೆಳೆ ಉಳಿದದ್ದು ಟಾನಿಕ್ಕಿನಿಂದ, ಅದರ ಹಿಂದಿನದು ಸತ್ತದ್ದು ಡೋಸ್ ಕಮ್ಮಿಯಾಗಿ. ಜಾತಕ ನೋಡುವವರೂ ಇಷ್ಟು ಧೈರ್ಯದಲ್ಲಿ ಮಾತಾಡಲ್ಲ.

"ಕೆರೆ ಒಣಗಿಸಿ, ಕೆಸರು ತೆಗೆದು, ಸುಣ್ಣ ಹಾಕಿದ್ರಾ ಭಾವ?"

"ಅದಕ್ಕೆಲ್ಲ ಟೈಮ್ ಎಲ್ಲಿ ಮಾರಾಯ?"

ವನಾಮಿ ಅನ್ನುವ ಈ ಜಾತಿ ಸೀಗಡಿಯ ಮರಿ ಚದರ ಮೀಟರಿಗೆ 60 ದಾಟಬಾರದು ಅಂತ ನಿಯಮ. ನೀವೆಷ್ಟು ಬಿಟ್ಟಿದ್ದೀರಿ ಅಂದೆ. ಭಾವನಿಗೆ ತಕ್ಷಣ, ಫೀಡು ಎಷ್ಟು ತಿಂದಿವೆ ಅಂತ ಚೆಕ್ ಟ್ರೇ ಎತ್ತಿ ನೋಡುವ ಕೆಲಸ ನೆನಪಾಯಿತು.

ರಾತ್ರಿ ಊಟಕ್ಕೆ ಬಡಿಸುತ್ತಾ ಅಕ್ಕ ಕೇಳಿದಳು, "ಆ ಮಿನರಲ್ ಡಬ್ಬದಲ್ಲಿ ಕ್ಯಾಲ್ಸಿಯಂ ಉಂಟಂತಲ್ರೀ, ನನ್ನ ಮಂಡಿಗೆ ಒಂದು ಚಮಚ ತೆಗೆದುಕೊಳ್ಳಲಾ?"

ಭಾವ ತಲೆಯೆತ್ತಲಿಲ್ಲ. "ಅದು ಎಕರೆ ಲೆಕ್ಕದಲ್ಲಿ ಹಾಕೋದು ಕಣೇ."