ಅವ್ವನ ಬೆರಳಿಗೆ ಎಣ್ಣೆ ತಿಕ್ಕಿ ಕೆಟ್ಟೆ

ನಮ್ಮ ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸಪ್ಪಳಕ್ಕೇ ಎಲ್ಲರಿಗೂ ಎಚ್ಚರ. ಮೂರು ವರ್ಷದ ಹಿಂದೆ ಆ ಸಪ್ಪಳ ಆರಕ್ಕಿದ್ದದ್ದು ಎಂಟಕ್ಕೆ ಹೋಯಿತು, ಆಮೇಲೆ ಹತ್ತಕ್ಕೆ. ಕೇಳಿದರೆ "ಮುಂಜಾನೆ ಬೆರಳು ಮಡಚಾಕ ಬರವಲ್ದು" ಅಂದಳು.

ನಮ್ಮ ಕಡೆ ಎಲ್ಲ ಕೀಲುನೋವಿಗೂ ಒಂದೇ ಹೆಸರು, ವಾಯು. ಮದ್ದೂ ಒಂದೇ, ಎಣ್ಣೆ ತಿಕ್ಕು. ನಾನೂ ಮೂರು ತಿಂಗಳು ತಿಕ್ಕಿದೆ. ಬಾವು ಜಾಸ್ತಿಯೇ ಆಯಿತು.

ಕೊನೆಗೆ ಬಳ್ಳಾರಿಯಲ್ಲೇ ಒಬ್ಬ ಆಯುರ್ವೇದ ವೈದ್ಯರಿಗೆ ತೋರಿಸಿದೆವು. ಎರಡೂ ಕೈ ನೋಡಿದರು, ಬಿಗಿತ ಎಷ್ಟು ಹೊತ್ತು ಇರುತ್ತದೆ ಅಂತ ಕೇಳಿದರು. ಆಮೇಲೆ "ಮೊದ್ಲು ಎಣ್ಣಿ ಬಿಡ್ರಿ" ಅಂದರು. ಇದು ಆಮವಾತವಂತೆ. ರೋಗ ಗುರುತಿಸೋದನ್ನು ಹೇಳುವ ಹಳೇ ಆಯುರ್ವೇದ ಗ್ರಂಥ ಮಾಧವ ನಿದಾನದಲ್ಲಿ ಇದಕ್ಕೆ ಬೇರೆ ಅಧ್ಯಾಯವೇ ಇದೆ. ಹೊಟ್ಟೆಯಲ್ಲಿ ಅರಗದೆ ಉಳಿದ ಅಂಟು, ಅಂದರೆ 'ಆಮ', ವಾತದ ಜೊತೆ ಸೇರಿ ಕೀಲಿಗೆ ಇಳಿಯುತ್ತದೆ ಅನ್ನೋದು ಅವರ ಶಾಸ್ತ್ರದ ಲೆಕ್ಕ. ಅಂಟಿನ ಮೇಲೆ ಮತ್ತೆ ಜಿಡ್ಡು ಯಾಕೆ? ಅದಕ್ಕೇ ಉಸುಕು ಹುರಿದು ಬಟ್ಟೆಯಲ್ಲಿ ಕಟ್ಟಿ ಒಣ ಶಾಖ. ಒಣಶುಂಠಿ, ಹಗುರ ಊಟ. ಔಡಲ ಎಣ್ಣೆ ಉಂಟು, ಆದರೆ ಹೊಟ್ಟೆಗೆ! ಮೊಸರು, ಉದ್ದು, ಬೆಲ್ಲ ಬಂದ್. ಮೊಸರು ತಪ್ಪಿಸಿದ್ದಕ್ಕೆ ಅವ್ವ ಒಂದು ವಾರ ನನ್ನ ಜೊತೆ ಮಾತೇ ಬಿಟ್ಟಿದ್ದಳು.

ವಯಸ್ಸಾಗಿ ಸವೆದ ಮೊಣಕಾಲು ಬೇರೆ, ಅದಕ್ಕೆ ಎಣ್ಣೆ ಹಿತ. ಕೊಪ್ಪಳ, ರಾಯಚೂರು ಕಡೆ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಬರುವ ನೋವು ಇನ್ನೂ ಬೇರೆ. ಅವ್ವನದು ಇವೆರಡೂ ಅಲ್ಲ, ಆಮವಾತವನ್ನೇ ಹೋಲುವ, ಇಂಗ್ಲಿಷ್ ಡಾಕ್ಟರು ರುಮಟಾಯ್ಡ್ ಅನ್ನುವ ಕೀಲುಬೇನೆ. ಅಂದರೆ ನಮ್ಮ ಮೈಯನ್ನು ಕಾಯಬೇಕಾದ ಶಕ್ತಿಯೇ ಕೀಲನ್ನು ತಿನ್ನುವುದು. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ. ತಡಮಾಡಿದರೆ ಬೆರಳು ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗಾಗೋದು ಕಷ್ಟ.

ಆ ಆಯುರ್ವೇದ ವೈದ್ಯರೇ ಇದನ್ನು ಪತ್ತೆಹಚ್ಚಲು ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ ಅನ್ನುವ ರಕ್ತಪರೀಕ್ಷೆ ಬರೆದು, ರುಮಟಾಲಜಿಸ್ಟ್ (ಇಂಥ ಕೀಲುಬೇನೆಯ ತಜ್ಞ ಡಾಕ್ಟರು) ಹತ್ತಿರ ಕಳಿಸಿದರು. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಅಲ್ಲೇ. ಈಗ ವಾರಕ್ಕೊಮ್ಮೆ ಆ ತಿನ್ನುವ ಶಕ್ತಿಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್ ಮಾತ್ರೆ, ಆಗಾಗ ಲಿವರ್ ಟೆಸ್ಟ್, ಮನೆಯಲ್ಲಿ ಉಸುಕಿನ ಶಾಖ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿದೆ.

ಆಯುರ್ವೇದವನ್ನೂ ಮೆಥೊಟ್ರೆಕ್ಸೇಟನ್ನೂ ಹೋಲಿಸಿ ಕೊಯಮತ್ತೂರಿನಲ್ಲಿ ಮಾಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಗಿದೆ. 36 ವಾರ, ಮೂರು ಗುಂಪು (ಬರೀ ಆಯುರ್ವೇದ, ಬರೀ ಮೆಥೊಟ್ರೆಕ್ಸೇಟ್, ಎರಡೂ ಸೇರಿ), ಮೂರರಲ್ಲೂ ಹೆಚ್ಚುಕಡಿಮೆ ಒಂದೇ ಥರ ಗುಣ. ಓದಿ ಖುಷಿಯಾಯಿತು. ಆದರೆ ಇದ್ದದ್ದು 43 ಜನ. ಅಷ್ಟನ್ನೇ ನಂಬಿ ಮಾತ್ರೆ ನಿಲ್ಲಿಸೋಕೆ ಆಗುತ್ತಾ?

ನನಗೆ ಸಿಟ್ಟು ಬರೋದು ಕೀಲುನೋವಿಗೆ ಅಂತ ಪುಡಿ ಕೊಡುವವರ ಮೇಲೆ. ನಮ್ಮ ಚಿಗವ್ವ ಯಾರೋ ಕೊಟ್ಟ ಲೇಬಲ್ಲಿಲ್ಲದ ಪೊಟ್ಟಣ ತಿಂದಳು. ಎರಡೇ ದಿನಕ್ಕೆ ನೋವು ಮಾಯ! ಎರಡು ತಿಂಗಳಿಗೆ ಮುಖ ಬುರ್ರಂತ ಊದಿ, ಶುಗರ್ ಏರಿತು. ಇದು ಸ್ಟೀರಾಯ್ಡಿನ ಕೆಲಸ ಅಂದರು ಡಾಕ್ಟರು. ಪಂಡಿತ ತಾರಾನಾಥರ ಹೆಸರಿನ ಸರ್ಕಾರಿ ಆಯುರ್ವೇದ ಕಾಲೇಜು ಇರುವ ಊರಿನವರು ನಾವು. ಅದನ್ನು ಬಿಟ್ಟು ಪೊಟ್ಟಣಕ್ಕೆ ಬಸ್ ಹತ್ತುತ್ತೇವೆ.

ಅವ್ವನ ರೊಟ್ಟಿ ಈಗ ಏಳೂವರೆಗೆ ಶುರು. ಮೊಸರಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ.