ಕ್ಯಾಪ್ಟನ್‌ಗೆ ಫ್ಲೆಕ್ಸ್ ಬೇಡ್ರಪ್ಪ

ಬಳ್ಳಾರಿಯ ಗಡಿಗಿ ಚೆನ್ನಪ್ಪ ಸರ್ಕಲ್‌ನಲ್ಲಿ ಕ್ಯಾಪ್ಟನ್ ಅಂಕಲ್‌ಗೆ ಒಂದು ದೊಡ್ಡ ಶ್ರದ್ಧಾಂಜಲಿ ಫ್ಲೆಕ್ಸ್ ಹಾಕಿಸೋಣ ಅಂತ ನಮ್ಮ ಏರಿಯಾದ ವಾಟ್ಸಾಪ್ ಗ್ರೂಪ್‌ನಲ್ಲಿ ಎರಡು ದಿನದಿಂದ ಚರ್ಚೆ ನಡೀತಿದೆ. ಬಿಳಿ ಯೂನಿಫಾರ್ಮು, ತಲೆ ಮೇಲೆ ಟೋಪಿ, ಹಿಂದೆ ಹಡಗು, ಕೆಳಗಡೆ ‘ಮತ್ತೆ ಹುಟ್ಟಿ ಬನ್ನಿ’, ಅದರ ಕೆಳಗೆ ದುಡ್ಡು ಕೊಟ್ಟವರ ಸಾಲು ಸಾಲು ಫೋಟೊ. ನಾನು ಬೇಡ ಅಂದೆ. ಯಾಕೆ ಅಂತ ಕೇಳಿದರು. ಅಲ್ಲಿ ಉದ್ದ ಬರೆದರೆ ಯಾರೂ ಓದಲ್ಲ, ಗುಡ್ ಮಾರ್ನಿಂಗ್ ಹೂವುಗಳ ನಡುವೆ ಕಳೆದುಹೋಗುತ್ತೆ. ಅದಕ್ಕೆ ಇಲ್ಲಿ ಬರೀತಿದೀನಿ.

ಮೊದಲನೇ ವಿಷಯ, ಅವರು ಕ್ಯಾಪ್ಟನ್ನೇ ಆಗಿರಲಿಲ್ಲ. ಮರ್ಚೆಂಟ್ ನೇವಿಯ ಸರಕು ಹಡಗುಗಳಲ್ಲಿ ಸೆಕೆಂಡ್ ಎಂಜಿನಿಯರ್ ಆಗಿ ನಿವೃತ್ತರಾದವರು. ಬಿಳಿ ಯೂನಿಫಾರ್ಮಿಗಿಂತ ಎಣ್ಣೆ ಮೆತ್ತಿದ ಬಾಯ್ಲರ್ ಸೂಟಿನಲ್ಲೇ ಆಯುಷ್ಯ ಕಳೆದವರು. ಯಾವ ದಿಕ್ಕಿಗೆ ಹೊರಟರೂ ಸಮುದ್ರ ಒಂದು ರಾತ್ರಿ ಪ್ರಯಾಣದಷ್ಟು ದೂರ ಇರೋ ಬಳ್ಳಾರಿಯಲ್ಲಿ ಹಡಗಿಂದ ಇಳಿದು ಬಂದವರೆಲ್ಲ ಕ್ಯಾಪ್ಟನ್ನೇ. ಶುರುವಿನಲ್ಲಿ ಅವರು ತಿದ್ದುತ್ತಿದ್ದರಂತೆ. ಆಮೇಲೆ, “ಇರ್ಲಿ ಬಿಡ್ರಪ್ಪ, ಸಂಬಳ ಮಾತ್ರ ಆ ಕ್ಯಾಪ್ಟನ್ದು, ಹೆಸರು ನಂದು” ಅಂತ ನಗೋದು ರೂಢಿ ಮಾಡಿಕೊಂಡರು.

ಬಳ್ಳಾರಿಗೂ ಸಮುದ್ರಕ್ಕೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ ಅವರಿಗೆ ಖುಷಿಯೋ ಖುಷಿ. ಸಂಡೂರು ಗುಡ್ಡದ ಕೆಂಪು ಅದಿರು ರೈಲು ಹತ್ತಿ ಮರ್ಮಗೋವಾಕ್ಕೋ ಚೆನ್ನೈಗೋ ಹೋಗಿ, ಅಲ್ಲಿಂದ ಹಡಗು ಹತ್ತಿ ಜಪಾನಿಗೆ, ಚೀನಾಕ್ಕೆ ಹೋಗುತ್ತಿದ್ದ ಕಾಲ ಅದು. ತಾವು ಹುಟ್ಟಿದ ಊರಿನ ಮಣ್ಣನ್ನೇ ಹೊತ್ತು ಹಡಗು ಹೊರಟಾಗ ಎಂಜಿನ್ ರೂಮಿನಲ್ಲಿ ತಾವೇ ಇದ್ದದ್ದನ್ನ ಎಷ್ಟು ಸಲ ಹೇಳಿದರೂ ಅವರಿಗೆ ಸಾಕಾಗುತ್ತಿರಲಿಲ್ಲ.

ಒಂದು ಆಟ ಆಡಿಸೋರು ಮಕ್ಕಳಿಗೆ. ಹಳೇ ಡಬ್ಬಿ ತಗೊಂಡು ಅರ್ಧಕ್ಕೆ ಒದ್ದೆ ಅದಿರಿನ ಪುಡಿ ತುಂಬಿ, ಒಂದು ಗೇಣಿನಷ್ಟು ಮೇಲಿಂದ ಕಟ್ಟೆ ಮೇಲೆ ಕುಟ್ಟೋದು. 25 ಸಲ. ಮೊದಮೊದಲು ಏನೂ ಆಗಲ್ಲ. ಕುಟ್ಟುತ್ತಾ ಕುಟ್ಟುತ್ತಾ ಒಣಗಿದಂತೆ ಕಾಣುತ್ತಿದ್ದ ಪುಡಿಯ ಮೇಲೆ ನೀರು ಮಿನುಗೋಕೆ ಶುರುವಾಗುತ್ತೆ. “ನೋಡ್ರಿ, ಇದು ಹಡಗಿನ ಒಳಗ ಆದ್ರ ಹಡಗ ಮಗುಚ್ತೈತಿ.” ಇದು ಅವರು ಕಟ್ಟಿದ ಕಥೆ ಅಲ್ಲ. ಸರಕು ತುಂಬೋ ಮುಂಚೆ ಹಡಗಿನವರು ನಿಜವಾಗಿ ಮಾಡೋ ಪರೀಕ್ಷೆ. ನೀರು ಕಂಡರೆ ಆ ಸರಕಿನ ತೇವಾಂಶ ಲ್ಯಾಬಿನಲ್ಲಿ ಮತ್ತೆ ನೋಡೋವರೆಗೂ ತುಂಬಬಾರದು. ಎಂಜಿನ್ ನಡುಕಕ್ಕೆ, ಅಲೆಯ ಹೊಡೆತಕ್ಕೆ ಒದ್ದೆ ಅದಿರು ಕೆಸರಾಗಿ ಒಂದೇ ಕಡೆ ಜಾರಿಬಿಡುತ್ತೆ. 2009ರ ಜುಲೈನಲ್ಲಿ ಮಂಗಳೂರು ಹತ್ತಿರ ‘ಏಷ್ಯನ್ ಫಾರೆಸ್ಟ್’ ಅನ್ನೋ ಹಡಗು ಮುಳುಗಿದ್ದು, ಸೆಪ್ಟೆಂಬರಿನಲ್ಲಿ ಪಾರಾದೀಪ ಬಂದರಿನ ಹೊರಗೆ ‘ಬ್ಲ್ಯಾಕ್ ರೋಸ್’ ಮುಳುಗಿದ್ದು, ಎರಡೂ ಮಳೆಗಾಲದಲ್ಲಿ ಅದಿರಿನ ಪುಡಿ ಹೊತ್ತು ಹೊರಟಾಗಲೇ. ಆಗ ನಮ್ಮೂರಲ್ಲಿ ಅದಿರು ಅಂದರೆ ಹೆಲಿಕಾಪ್ಟರು, ಬಂಗಲೆ, ಟನ್ನಿಗೆ ಎಷ್ಟು ಅನ್ನೋ ಮಾತು ಅಷ್ಟೇ. ಅದೇ ಅದಿರನ್ನ ಹಡಗಿನ ಎಂಜಿನ್ ರೂಮಿನಲ್ಲಿ ನಿಂತವನ ಕಣ್ಣಿಂದ ನೋಡಿದ್ದು ನನಗೆ ಗೊತ್ತಿದ್ದವರಲ್ಲಿ ಅವರೊಬ್ಬರೇ.

ಅದೇ ವರ್ಷ ಅಕ್ಟೋಬರಿನ ಪ್ರವಾಹ ನೆನಪಿರಬೇಕು ನಿಮಗೆ. ತುಂಗಭದ್ರೆ, ಹಗರಿ ಎರಡೂ ತುಂಬಿ ಸಿರುಗುಪ್ಪ ಕಡೆಯ ಹಳ್ಳಿಗಳಿಗೆ ನೀರು ನುಗ್ಗಿತ್ತು, ಆ ಕಡೆ ಮಂತ್ರಾಲಯ ಮುಳುಗಿತ್ತು. ಊರಿಂದ ಚಿತ್ರಾನ್ನದ ಪೊಟ್ಟಣ, ಹಳೇ ಸೀರೆ ತುಂಬಿದ ಲಾರಿ ಹೊರಟವು. ಕ್ಯಾಪ್ಟನ್ ತಮ್ಮ ಜೀಪಿನಲ್ಲಿ ಹಗ್ಗ ತುಂಬಿಕೊಂಡು ಹೊರಟರು. ಬರೀ ಹಗ್ಗ. ಅಲ್ಲಿ ಹುಡುಗರನ್ನ ಕೂರಿಸಿಕೊಂಡು ಬೌಲೈನ್ ಗಂಟು ಕಲಿಸಿದರಂತೆ. ಎಷ್ಟೇ ಎಳೆದರೂ ಕುಣಿಕೆ ಬಿಗಿಯಾಗದ, ಎದೆಗೆ ಸುತ್ತಿ ಮನುಷ್ಯನನ್ನ ಎಳೆದರೂ ಉಸಿರು ಕಟ್ಟದ ಗಂಟು, ಕೆಲಸ ಮುಗಿದ ಮೇಲೆ ಸಲೀಸಾಗಿ ಬಿಚ್ಚೋ ಗಂಟು. ಆ ಹುಡುಗರಲ್ಲಿ ಒಬ್ಬ ಈಗ ಟಿಪ್ಪರ್ ಓಡಿಸ್ತಾನೆ, ಕ್ಯಾಪ್ಟನ್ ಮಣ್ಣಿಗೆ ಬಂದಿದ್ದ. ಗೇಟಿನ ಹತ್ತಿರ ನಿಂತು ಕೈಯಲ್ಲಿದ್ದ ಟವೆಲ್ಲಿಗೇ ಆ ಗಂಟು ಹಾಕಿ ತೋರಿಸಿದ.

ಇನ್ನು ಗಾಡಿಗಳ ವಿಷಯ. ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಗ್ರೂಪಿನಲ್ಲಿ ಎಲ್ಲರೂ ಅವರನ್ನ ‘ವಿಂಟೇಜ್ ಕಲೆಕ್ಟರ್’ ಅಂತ ಬರೀತಿದ್ದಾರೆ. ಕಲೆಕ್ಟರ್ ಅನ್ನೋರು ಬೇರೆ ಜಾತಿ. ಇವರ ಹತ್ತಿರ ಇದ್ದದ್ದು ಮೂರು ಗಾಡಿ: ಒಂದು ಜಾವಾ ಬೈಕು, ಒಂದು ಪೆಟ್ರೋಲ್ ಜೀಪು, ಒಂದು ಲ್ಯಾಂಬ್ರೆಟಾ ಸ್ಕೂಟರು. ಮೂರೂ ದಿನಾ ಓಡುತ್ತಿದ್ದವು. ಜಾವಾ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಿಂದ ಅಲ್ಲಿ ಬೈಕು ತಯಾರಾಗುತ್ತಿದ್ದವು, ಆಮೇಲೆ ಯೆಜ್ಡಿ ಹೆಸರಲ್ಲಿ ಬಂದವು, 1996ರಲ್ಲಿ ಬಾಗಿಲು ಮುಚ್ಚಿತು. ಅದರ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗೊತ್ತಿಲ್ಲದ ಹುಡುಗರಿಗೆ ಕೀ ಕೊಟ್ಟು, “ಸ್ಟಾರ್ಟ್ ಮಾಡು, ನಿನಗೇ ಕೊಡ್ತೀನಿ” ಅಂತ ಪಂದ್ಯ ಕಟ್ಟೋರು. ಯಾರೂ ಗೆದ್ದದ್ದು ನಾನು ನೋಡಿಲ್ಲ.

50 ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನೋಂದಣಿ ಅಂತ ಹೊಸ ನಿಯಮ ತಂತಲ್ಲ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ, ಹೊಸದಾಗಿ ಮಾಡಿಸೋಕೆ 20,000 ರೂಪಾಯಿ. ಮಾಡಿಸಿಬಿಡಿ, ಗತ್ತಾಗಿರುತ್ತೆ ಅಂತ ನಾವೆಲ್ಲ ಹೇಳಿದ್ವಿ. ಅವರು ನಿಯಮ ಪೂರ್ತಿ ಓದಿಸಿಕೊಂಡು ಕೇಳಿದರು. ಪ್ರದರ್ಶನಕ್ಕೆ ಒಯ್ಯಬಹುದು, ರ್‍ಯಾಲಿಗೆ ಒಯ್ಯಬಹುದು, ಪೆಟ್ರೋಲ್ ಹಾಕಿಸೋಕೆ, ರಿಪೇರಿಗೆ ಒಯ್ಯಬಹುದು. ದಿನನಿತ್ಯ ಓಡಿಸೋ ಹಾಗಿಲ್ಲ. “ಅಂದ್ರ ಪೆನ್ಷನ್ ಕೊಟ್ಟು ಮನ್ಯಾಗ ಕೂಡಿಸ್ತಾರ. ನನಗ ಕೂಡಿಸಾಕ ಆಗಿಲ್ಲ, ನನ್ನ ಗಾಡಿ ಯಾಕ ಕೂಡಿಸ್ಲಿ?” ಹಳೇ ನಂಬರಿನಲ್ಲೇ ಎಫ್‌ಸಿ ಮಾಡಿಸುತ್ತಾ ಓಡಿಸಿದರು. ಶುಲ್ಕ ಏರಿದಾಗಲೆಲ್ಲ ಬೈಯುತ್ತಲೇ ಕಟ್ಟಿದರು. ಕೊನೆಗಾಲದಲ್ಲಿ ಅವರ ದೊಡ್ಡ ಶತ್ರು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲು. ಹಳೇ ರಬ್ಬರ್ ಪೈಪು, ವಾಷರು ಎಲ್ಲ ಉಬ್ಬಿ ಹಾಳಾಗುತ್ತವೆ ಅಂತ ಪ್ರತಿ ಬಂಕಿನಲ್ಲೂ ಭಾಷಣ. (ಬಂಕಿನ ಹುಡುಗರು ಅವರನ್ನ ಕಂಡರೆ ಊಟದ ಟೈಮು ಅಂತ ಬೋರ್ಡ್ ಇಡುತ್ತಿದ್ದರು ಅನ್ನೋದು ಜೋಕಿರಬೇಕು, ಗೊತ್ತಿಲ್ಲ.)

ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು 2024ರ ಆಗಸ್ಟ್ 10ರ ರಾತ್ರಿ ತುಂಡಾಯಿತಲ್ಲ, ಆ ವಾರ ಇವರು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಹಡಗು ರಿಪೇರಿಗೆ ಅಂತ ನೀರಿಲ್ಲದ ಡ್ರೈ ಡಾಕಿಗೆ ಹೋದಾಗ ಲಂಗರಿನ ಚೈನನ್ನ ನೆಲದ ಮೇಲೆ ಉದ್ದಕ್ಕೆ ಹಾಸಿ, ಕೊಂಡಿಗಳ ದಪ್ಪ ಅಳೆದು, ಸವೆದದ್ದನ್ನ ತೆಗೆದು ಹಾಕ್ತಾರೆ ಅಂತ ಚಹಾ ಅಂಗಡಿಯಲ್ಲಿ ಬೆರಳಿಗೆ ಬೆರಳು ಸಿಕ್ಕಿಸಿ ವಿವರಿಸಿದ್ದೇ ವಿವರಿಸಿದ್ದು. ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ತಂಡ ಹರಿಯೋ ನೀರಿನಲ್ಲೇ ಸ್ಟಾಪ್ ಲಾಗ್ (ಗೇಟಿನ ಜಾಗದಲ್ಲಿ ನೀರು ತಡೆಯೋ ಉಕ್ಕಿನ ಹಲಗೆ) ಇಳಿಸಿದ ಸುದ್ದಿ ಬಂದಾಗ ಇಡೀ ಅಂಗಡಿಗೆ ಮಿರ್ಚಿ ಕೊಡಿಸಿದರು.

ಈಗ ಆಸ್ಪತ್ರೆ. ನಾನು ಫ್ಲೆಕ್ಸ್ ಬೇಡ ಅನ್ನೋದಕ್ಕೆ ಮುಖ್ಯ ಕಾರಣ ಇದೇ.

ಹಡಗಿನಲ್ಲಿ ನಾಲ್ಕು ತಾಸು ವಾಚು, ಅಂದರೆ ಕಾವಲಿನ ಪಾಳಿ, ಎಂಟು ತಾಸು ಬಿಡುವು, ಮತ್ತೆ ನಾಲ್ಕು ತಾಸು ವಾಚು. ಸೆಕೆಂಡ್ ಎಂಜಿನಿಯರ್ ಪಾಲಿಗೆ ಬರೋದು ಸಾಮಾನ್ಯವಾಗಿ ನಾಲ್ಕರಿಂದ ಎಂಟು. ಆ ಅಭ್ಯಾಸ ಅವರಿಗೆ ಹೋಗಲೇ ಇಲ್ಲ. ಮೂರೂವರೆಗೆ ಎಚ್ಚರ. ಎದ್ದು ಏನು ಮಾಡೋದು? ನಮ್ಮೂರ ದೊಡ್ಡ ಸರ್ಕಾರಿ ಆಸ್ಪತ್ರೆ ವಿಮ್ಸ್‌ಗೆ ಹೋಗೋರು. ಸಿರುಗುಪ್ಪ, ಸಂಡೂರು, ಕಂಪ್ಲಿ ಕಡೆಯಿಂದ, ಆಂಧ್ರದ ರಾಯದುರ್ಗ, ಆಲೂರು ಕಡೆಯಿಂದ ಮೊದಲ ಬಸ್ಸಿಗೆ, ರಾತ್ರಿ ರೈಲಿಗೆ ಬಂದವರು ಆ ಹೊತ್ತಿಗೆ ಗೋಡೆಗೆ ಒರಗಿ ಕೂತಿರ್ತಾರೆ. ಅವರ ಚೀಟಿ ಓದಿ, ಯಾವ ಬ್ಲಾಕು, ಯಾವ ಕೌಂಟರು, ಆಧಾರ್ ಜೆರಾಕ್ಸ್ ಎಲ್ಲಿ, ರಕ್ತ ಬೇಕಾದರೆ ಯಾರನ್ನ ಕೇಳಬೇಕು ಅಂತ ಹೇಳೋದು. ಅಷ್ಟೇ ಕೆಲಸ. ಎಂಟಕ್ಕೆ ಇನ್ನೊಬ್ಬರಿಗೆ ಒಪ್ಪಿಸಿ ಉಗ್ಗಾಣಿ ತಿನ್ನೋಕೆ ಹೋಗೋರು. ಒಪ್ಪಿಸೋದು ಅಂದರೆ ಬಾಯಿಮಾತಲ್ಲ, ಉದ್ದನೆ ರಟ್ಟಿನ ನೋಟ್‌ಬುಕ್ಕಿನಲ್ಲಿ ಬರೆದು ಸಹಿ ಹಾಕಿ. ‘ಹಗರಿಬೊಮ್ಮನಹಳ್ಳಿ ಅಜ್ಜಿ, ಕಣ್ಣು, ಜತೆಗೆ ಯಾರೂ ಇಲ್ಲ, ಹತ್ತಕ್ಕೆ ಮತ್ತೆ ನೋಡುವುದು.’ ಹೀಗೆ.

ನಮ್ಮೂರಲ್ಲಿ ಸೇವೆಗೆ ಬರ ಇಲ್ಲ. ಹಣ್ಣು ಹಂಚೋರು ಎಷ್ಟು ಜನ, ಒಂದು ಬಾಳೆಹಣ್ಣು ಹಿಡಿಯೋಕೆ ಆರು ಕೈ, ಫೋಟೊ ಮುಗಿದ ಮೇಲೆ ರೋಗಿ ಕೈಯಲ್ಲಿ ಹಣ್ಣು, ಉಳಿದವರು ಕಾರಿನಲ್ಲಿ. ಅದೂ ಇರಲಿ, ಹಣ್ಣಾದರೂ ಸಿಕ್ಕಿತು. ಆದರೆ ಮಾರನೇ ದಿನ ಬೆಳಿಗ್ಗೆ ನಾಲ್ಕಕ್ಕೆ ಯಾರು ಬರ್ತಾರೆ ಅನ್ನೋದು ಕ್ಯಾಪ್ಟನ್ ಪ್ರಶ್ನೆ. ಅವರಿಗೆ ಶಾಲು ಹೊದಿಸೋಕೆ ಬಂದವರಿಗೆಲ್ಲ, “ಶಾಲು ಬ್ಯಾಡ, ಬಿಸಿಲು ನಾಡು ಇದು. ಬುಧವಾರ ಬರ್ತೀಯೇನು ಹೇಳು” ಅನ್ನೋರು. ಬಹಳ ಜನ ಬರ್ತಿರಲಿಲ್ಲ. ಅದಕ್ಕೆ ಬೇಜಾರೂ ಮಾಡಿಕೊಳ್ಳುತ್ತಿರಲಿಲ್ಲ ಪುಣ್ಯಾತ್ಮ. ಇಪ್ಪತ್ತು ಚಿಲ್ಲರೆ ಜನ ತಿಂಗಳುಗಟ್ಟಲೆ ಒಂದೇ ಹಡಗಿನಲ್ಲಿ ಇರೋವಾಗ ರಾತ್ರಿ ಜಗಳ ಆಡಿದರೂ ಬೆಳಿಗ್ಗೆ ಅದೇ ಮುಖ ನೋಡಬೇಕು, ಹಾಗಾಗಿ ಮುನಿಸು ಇಟ್ಟುಕೊಳ್ಳೋದು ನಮಗೆ ಗೊತ್ತೇ ಇಲ್ಲ ಅನ್ನುತ್ತಿದ್ದರು. ಕೌಲ್ ಬಜಾರಿನ ಗುಜರಿ ಅಂಗಡಿಯವರಿಂದ ಹಿಡಿದು ಗಣಿ ಮಾಲೀಕರವರೆಗೆ ಎಲ್ಲರೂ ಅವರಿಗೆ ದೋಸ್ತರಾಗಿದ್ದು ಸುಮ್ಮನೆ ಅಲ್ಲ.

ಹಾಗಾಗಿ ಫ್ಲೆಕ್ಸ್ ವಿಷಯದಲ್ಲಿ ನನ್ನ ಮಾತು ಗಟ್ಟಿ. ಆ ದುಡ್ಡಿಗೆ ಆಸ್ಪತ್ರೆಯ ಆ ಗೋಡೆ ಹತ್ತಿರ ಕೂರೋಕೆ ನಾಲ್ಕು ಬೆಂಚು ಬರುತ್ತೆ, ಹೆಸರು ಬರೆಸದೆ ಹಾಕಿಸೋಣ. ಜಾವಾನ ಒಬ್ಬ ಹೋಟೆಲಿನವರು ರಿಸೆಪ್ಷನ್ನಿನಲ್ಲಿ ನಿಲ್ಲಿಸೋಕೆ ಒಳ್ಳೇ ರೇಟಿಗೆ ಕೇಳ್ತಿದ್ದಾರೆ ಅಂತ ಮನೆಯವರು ಹೇಳಿದರು. ನಿರ್ಧಾರ ಅವರದು. ನನ್ನ ಅಭಿಪ್ರಾಯ ಕೇಳಿದ್ದಕ್ಕೆ ಹೇಳಿದೆ: ಅರ್ಧ ರೇಟಿಗಾದರೂ ಸರಿ, ಅದನ್ನ ಓಡಿಸೋ ಮೆಕ್ಯಾನಿಕ್ ಹುಡುಗನಿಗೆ ಕೊಡಿ. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ, ಅವತ್ತು ಕೋಟೆ ಗುಡ್ಡದ ಸುತ್ತ ಅದರ ಹೊಗೆ ಕಾಣಲಿ. ಹೊಗೆ ಜಾಸ್ತಿ ಬರುತ್ತೆ ಅಂತ ಪರಿಸರದ ಗೆಳೆಯರು ಬೈದರೆ ಬೈಸಿಕೊಳ್ಳೋಣ.

ನೋಟ್‌ಬುಕ್ ಸದ್ಯ ನನ್ನ ಹತ್ತಿರ ಇದೆ. ಸೋಮವಾರ, ಮಂಗಳವಾರ ಒಬ್ಬ ಟೇಲರ್ ಒಪ್ಪಿಕೊಂಡಿದ್ದಾರೆ, ವಾರದ ಕೊನೆ ನಾನು ನೋಡಿಕೊಳ್ತೀನಿ. ಗುರುವಾರ ಇಬ್ಬರು ನರ್ಸಿಂಗ್ ಹುಡುಗರು ಬರ್ತಾರೆ. ಬುಧವಾರ, ಶುಕ್ರವಾರ ಖಾಲಿ. ನಾಲ್ಕರಿಂದ ಎಂಟು ಪೂರ್ತಿ ಆಗದಿದ್ದರೆ ಆರಕ್ಕಾದರೂ ಬನ್ನಿ, ಇನ್‌ಬಾಕ್ಸಿನಲ್ಲಿ ತಿಳಿಸಿ. ತೆಲುಗು ಬರೋರಾದರೆ ಇನ್ನೂ ಒಳ್ಳೇದು.