ಕ್ರೀಡಾ ಒಕ್ಕೂಟದ ಸಿಇಒಗೆ ದೊಡ್ಡ ಸಂಬಳ ಬೇಕೆ?

ಪರ: ಸಂಬಳ ಕೊಟ್ಟರೆ ಮಾತ್ರ ಲೆಕ್ಕ ಕೇಳಬಹುದು
(ಲೇಖಕಿ ಮಾಜಿ ಅಥ್ಲೀಟ್)

ನಮ್ಮ ಜಿಲ್ಲೆಯ ಅಥ್ಲೆಟಿಕ್ ಸಂಸ್ಥೆಯ ಕಚೇರಿ ಇದ್ದದ್ದು ಪೇಟೆ ಬೀದಿಯ ಬಟ್ಟೆ ಅಂಗಡಿಯೊಂದರ ಹಿಂಕೋಣೆಯಲ್ಲಿ. ಅಂಗಡಿಯ ಮಾಲೀಕರೇ ಸಂಸ್ಥೆಯ ಗೌರವ ಕಾರ್ಯದರ್ಶಿಗಳು. ಸಂಸ್ಥೆಯ ರಬ್ಬರ್ ಮೊಹರು ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆಯ ಜೊತೆಗೆ ಇರುತ್ತಿತ್ತು. ಪ್ರವೇಶಪತ್ರಕ್ಕೆ ಅದನ್ನು ಒತ್ತಿಸಿಕೊಳ್ಳಬೇಕೆಂದರೆ ಗಿರಾಕಿಗಳು ಕರಗುವವರೆಗೆ ನಾವು ಜಗಲಿಯ ಮೇಲೆ ಕಾಯಬೇಕಿತ್ತು. ಅವರು ಒಳ್ಳೆಯ ಮನುಷ್ಯರು. ಬೆಳಗಿನ ಅಭ್ಯಾಸಕ್ಕೆ ಬರುವ ಮಕ್ಕಳಿಗೆ ಸ್ವಂತ ದುಡ್ಡಿನಲ್ಲಿ ಬಾಳೆಹಣ್ಣು ತರಿಸಿಕೊಡುತ್ತಿದ್ದರು. ಆದರೆ ನಾನು ಉದ್ದ ಜಿಗಿತದಲ್ಲಿ ಜಿಲ್ಲೆಗೆ ಮೊದಲಿಗಳಾಗಿ ರಾಜ್ಯ ಕಿರಿಯರ ಕೂಟಕ್ಕೆ ಆಯ್ಕೆಯಾದ ವರ್ಷ ನನ್ನ ಪ್ರವೇಶಪತ್ರ ಆ ಅಂಗಡಿಯಿಂದ ಹೊರಡಲೇ ಇಲ್ಲ.

ಅದು ಗೊತ್ತಾದದ್ದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಚೆಸ್ಟ್ ನಂಬರ್ ಕೊಡುವ ಮೇಜಿನ ಮುಂದೆ. ಅಲ್ಲಿ ಕುಳಿತಿದ್ದವರು ಪಟ್ಟಿಯ ಮೇಲೆ ಮೂರು ಸಲ ಬೆರಳಾಡಿಸಿ, "ನಿಮ್ಮ ಹೆಸರಿಲ್ಲವಲ್ಲಮ್ಮ" ಎಂದರು. ಲಗ್ನದ ತಿಂಗಳಾಗಿದ್ದರಿಂದ ಅಂಗಡಿಯಲ್ಲಿ ಸೀರೆ ವ್ಯಾಪಾರ ಜೋರಾಗಿತ್ತು. ನನ್ನ ಹಾಳೆ ಬಿಲ್ ಪುಸ್ತಕಗಳ ಅಡಿಯಲ್ಲಿ ಉಳಿದುಹೋಗಿತ್ತು. ಕೇಳಿಕೊಂಡು ಬರುತ್ತೇನೆಂದು ಹೋದ ನನ್ನ ತಂದೆ ಅಲ್ಲಿ ಕಾಫಿ ಕುಡಿದು ವಾಪಸು ಬಂದರು. "ಒಂದು ಪೈಸೆ ಮುಟ್ಟದೆ ಇಷ್ಟು ಮಾಡ್ತಾರೆ ಕಣಮ್ಮ, ಅವರನ್ನ ಹೇಗೆ ಕೇಳೋದು?" ಎಂದರು. ಮರುವರ್ಷ ನಾನು ಕಿರಿಯರ ವಯೋಮಿತಿ ದಾಟಿದ್ದೆ.

ತಂದೆಯವರ ಆ ಮಾತಿಗೆ ಉತ್ತರವಾಗಿಯೇ ನಾನು ಈ ಲೇಖನವನ್ನು ಬರೆಯುತ್ತಿದ್ದೇನೆ. ಹಣ ಪಡೆಯದೆ ದುಡಿಯುವವರನ್ನು ನಾವು ಹೊಗಳಬಹುದು, ಸನ್ಮಾನಿಸಬಹುದು, ಶಾಲು ಹೊದಿಸಬಹುದು. ಏಕೆ ಮಾಡಲಿಲ್ಲ ಎಂದು ಮಾತ್ರ ಕೇಳಲಾರೆವು. ಸಂಬಳ ಪಡೆಯುವವರಿಗಾದರೆ ನೇಮಕಾತಿ ಪತ್ರ ಇರುತ್ತದೆ, ಅದರಲ್ಲಿ ಕೆಲಸದ ವಿವರ ಇರುತ್ತದೆ, ತಪ್ಪಿದರೆ ನೋಟಿಸು ಕೊಡಬಹುದು, ಮನೆಗೂ ಕಳುಹಿಸಬಹುದು. ಜಿಲ್ಲೆಯ ಬಟ್ಟೆ ಅಂಗಡಿಗೆ ಅನ್ವಯಿಸುವ ಈ ಮಾತು ದೆಹಲಿಯ ಒಲಿಂಪಿಕ್ ಭವನಕ್ಕೆ, ಅಂದರೆ ಭಾರತೀಯ ಒಲಿಂಪಿಕ್ ಸಂಸ್ಥೆಯ ಕಚೇರಿಗೆ, ನೂರು ಪಟ್ಟು ಹೆಚ್ಚು ಅನ್ವಯಿಸುತ್ತದೆ. ಭಾರತೀಯ ಆರ್ಚರಿ ಸಂಸ್ಥೆಗೆ ಸುಮಾರು ನಾಲ್ಕು ದಶಕ ಒಬ್ಬರೇ ಅಧ್ಯಕ್ಷರಾಗಿದ್ದರು. ಅವರ ನಿಷ್ಠೆಯನ್ನು ನಾನು ಪ್ರಶ್ನಿಸುತ್ತಿಲ್ಲ. ಗೌರವ ಹುದ್ದೆ ಎಂದರೆ ಅದು ಎಷ್ಟು ಭದ್ರವಾದ ಹುದ್ದೆ ಎಂಬುದನ್ನು ಹೇಳುತ್ತಿದ್ದೇನೆ.

ಇನ್ನು ಗೌರವ ಹುದ್ದೆ ನಿಜಕ್ಕೂ ಪುಕ್ಕಟೆಯೇ ಎಂದು ನೋಡೋಣ. ಕ್ರಿಕೆಟ್ ಮಂಡಳಿಯ ಪದಾಧಿಕಾರಿಗಳದು ಗೌರವ ಹುದ್ದೆ. ವಿದೇಶ ಪ್ರವಾಸದಲ್ಲಿ ಅವರಿಗೆ ದಿನಕ್ಕೆ 1,000 ಡಾಲರ್ ಭತ್ಯೆ, ದೇಶದೊಳಗಿನ ಸಭೆಗಳಿಗೆ ದಿನಕ್ಕೆ 40,000 ರೂಪಾಯಿ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರ ಹಕ್ಕುಗಳನ್ನು 48,390 ಕೋಟಿ ರೂಪಾಯಿಗೆ ಮಾರಿದ ಸಂಸ್ಥೆಗೆ ಇದು ದೊಡ್ಡ ಮೊತ್ತವೇನಲ್ಲ. ಆದರೆ ಅದನ್ನು ಭತ್ಯೆ ಎಂದು ಕರೆಯುವುದಕ್ಕಿಂತ ಸಂಬಳ ಎಂದು ಕರೆದು, ಅದಕ್ಕೆ ಪ್ರತಿಯಾಗಿ ಏನು ಕೆಲಸವಾಯಿತು ಎಂದು ಕೇಳುವುದು ಹೆಚ್ಚು ಪ್ರಾಮಾಣಿಕ. ಆಡಳಿತ ಮಂಡಳಿಯಿಂದ ದಿನನಿತ್ಯದ ಕಾರ್ಯನಿರ್ವಹಣೆಯನ್ನು ಬೇರ್ಪಡಿಸಿ ಅದನ್ನು ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಕೈಗೆ ಕೊಡಿ ಎಂದು, ಕ್ರಿಕೆಟ್ ಮಂಡಳಿಯ ಸುಧಾರಣೆಗಾಗಿ ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಲೋಧಾ ಸಮಿತಿ 2016ರಲ್ಲಿ ಹೇಳಿದ್ದೂ ಇದೇ ಕಾರಣಕ್ಕೆ.

ಒಲಿಂಪಿಕ್ ಸಂಸ್ಥೆಯ ಪ್ರಕರಣವನ್ನು ನಾನು ಹತ್ತಿರದಿಂದ ಗಮನಿಸುತ್ತಾ ಬಂದಿದ್ದೇನೆ. ಸುಪ್ರೀಂ ಕೋರ್ಟ್ ನೇಮಿಸಿದ್ದ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಅವರ ಮೇಲ್ವಿಚಾರಣೆಯಲ್ಲಿ 2022ರ ನವೆಂಬರಿನಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆಗೆ ಹೊಸ ಸಂವಿಧಾನ ಬಂದಿತು. ಪ್ರಧಾನ ಕಾರ್ಯದರ್ಶಿಯ ಹುದ್ದೆ ಹೋಗಿ ವೇತನ ಪಡೆಯುವ ಸಿಇಒ ಹುದ್ದೆ ಬಂದಿತು. ಪಿ.ಟಿ. ಉಷಾ ಅಧ್ಯಕ್ಷರಾದರು. 2024ರ ಜನವರಿಯಲ್ಲಿ ರಘುರಾಮ್ ಅಯ್ಯರ್ ಅವರನ್ನು ಸಿಇಒ ಎಂದು ಘೋಷಿಸಲಾಯಿತು. ತಿಂಗಳಿಗೆ 20 ಲಕ್ಷ ರೂಪಾಯಿ ಸಂಬಳ ಅತಿಯಾಯಿತೆಂದು ಕಾರ್ಯಕಾರಿ ಮಂಡಳಿಯ ಬಹುತೇಕ ಸದಸ್ಯರು ತಕರಾರು ತೆಗೆದರು. ಜಗಳ ಮುಗಿದು ನೇಮಕಕ್ಕೆ ಒಪ್ಪಿಗೆ ಸಿಕ್ಕಿದ್ದು 2025ರ ಜುಲೈನಲ್ಲಿ. ಈ ಒಂದೂವರೆ ವರ್ಷದ ನಡುವೆ ಪ್ಯಾರಿಸ್ ಒಲಿಂಪಿಕ್ಸ್ ಬಂದು ಹೋಯಿತು. 117 ಕ್ರೀಡಾಪಟುಗಳು ಹೋಗಿ ಆರು ಪದಕಗಳೊಂದಿಗೆ ಮರಳಿದರು. ಸಂಸ್ಥೆಯ ಒಳಜಗಳ ಬಗೆಹರಿಯುವ ತನಕ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ ತನ್ನ ನೆರವಿನ ಹಣವನ್ನು ತಡೆಹಿಡಿಯಿತು. ಆ ಹಣ ತಲುಪಬೇಕಾಗಿದ್ದದ್ದು ಕ್ರೀಡಾಪಟುಗಳಿಗೆ. ಒಬ್ಬರ ಸಂಬಳ ಉಳಿಸಲು ಹೊರಟವರು ಕಳೆದದ್ದೇನೆಂದು ಲೆಕ್ಕ ಹಾಕಿದರೆ ನನ್ನ ಸಂಕಟ ಅರ್ಥವಾದೀತು.

ಸಿಇಒ ಸಂಬಳದ ಹಣವನ್ನು ಕ್ರೀಡಾಪಟುಗಳಿಗೇ ಕೊಡಬಾರದೇಕೆ ಎಂದು ಕೇಳುವವರಿದ್ದಾರೆ. ಅಡುಗೆಯವರಿಗೆ ಕೂಲಿ ಕೊಡದೆ ಉಳಿಸಿ, ಪಂಕ್ತಿಯಲ್ಲಿ ಕುಳಿತವರಿಗೆ ಇನ್ನೊಂದು ಹೋಳಿಗೆ ಬಡಿಸಿ ಎಂದ ಹಾಗಾಯಿತು. ಹೋಳಿಗೆ ಮಾಡುವವರು ಯಾರು? ಪ್ರಾಯೋಜಕರನ್ನು ಹುಡುಕಬೇಕು, ವೀಸಾ ಮಾಡಿಸಬೇಕು, ಉದ್ದೀಪನ ಮದ್ದು ತಡೆಯ ನಿಯಮಗಳನ್ನು ಪ್ರತಿ ತರಬೇತುದಾರರಿಗೂ ತಿಳಿಸಬೇಕು, ಆಯ್ಕೆಯ ವ್ಯಾಜ್ಯ ಕೋರ್ಟಿಗೆ ಹೋದರೆ ಕಾಗದಪತ್ರ ಸಿದ್ಧವಿರಬೇಕು. ಇವು ಸಂಜೆ ಅಂಗಡಿ ಮುಚ್ಚಿದ ಮೇಲೆ ಮಾಡುವ ಕೆಲಸಗಳಲ್ಲ. ಹಾಕಿ ಇಂಡಿಯಾದಲ್ಲಿ ಆಸ್ಟ್ರೇಲಿಯಾದ ಎಲೆನಾ ನಾರ್ಮನ್ 2024ರ ಫೆಬ್ರುವರಿವರೆಗೆ ಸುಮಾರು ಹದಿಮೂರು ವರ್ಷ ಸಿಇಒ ಆಗಿದ್ದರು. ಅವರ ಅವಧಿಯಲ್ಲಿ ಎರಡು ಪುರುಷರ ವಿಶ್ವಕಪ್‌ಗಳು ಒಡಿಶಾದಲ್ಲಿ ನಡೆದವು, ಒಡಿಶಾ ಸರ್ಕಾರದ ಪ್ರಾಯೋಜಕತ್ವ ಬಂದಿತು, ಟೋಕಿಯೊದಲ್ಲಿ 41 ವರ್ಷಗಳ ನಂತರ ಒಲಿಂಪಿಕ್ ಪದಕ ಬಂದಿತು. ಗೋಲು ಹೊಡೆದವರು ಆಟಗಾರರು, ನಿಜ. ಆದರೆ ಅವರ ಪ್ರವೇಶಪತ್ರ ಯಾವ ಬಿಲ್ ಪುಸ್ತಕದ ಅಡಿಯಲ್ಲೂ ಉಳಿಯಲಿಲ್ಲ.

2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ಬಂದಿದೆ, 2036ರ ಒಲಿಂಪಿಕ್ಸ್ ಬೇಕೆಂದು ದೇಶ ಕೇಳುತ್ತಿದೆ. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯ ಪ್ರಕಾರ, ಸರ್ಕಾರದ ಅನುದಾನ ಪಡೆಯುವ ಒಕ್ಕೂಟಗಳು ಆ ಹಣದ ಬಳಕೆಯ ಮಟ್ಟಿಗೆ ಮಾಹಿತಿ ಹಕ್ಕಿನ ವ್ಯಾಪ್ತಿಗೆ ಬಂದಿವೆ. ಅರ್ಜಿ ಹಾಕುವ ಹುಡುಗಿಗೆ ಉತ್ತರ ಕೊಡಲು ಅಲ್ಲಿ ಸಂಬಳ ಪಡೆಯುವ ಒಬ್ಬರು ಕುಳಿತಿರಲಿ. ಅವರಿಗೆ ಮಾರುಕಟ್ಟೆಯಲ್ಲಿ ಎಷ್ಟು ಸಿಗುತ್ತದೆಯೋ ಅಷ್ಟೇ ಕೊಡೋಣ, ಅದಕ್ಕೆ ತಕ್ಕಂತೆ ಕೇಳೋಣ.

ವಿರೋಧ: 200 ಮಕ್ಕಳ ಭತ್ಯೆ ಒಬ್ಬರ ಸಂಬಳವಾಗಬಾರದು
(ಲೇಖಕರು ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು)

ಸಂಪಾದಕರು ವಿರೋಧದ ಪಕ್ಷ ಬರೆಯಿರೆಂದು ಕೇಳಿದಾಗ ನಾನು ಒಂದು ದಿನ ಯೋಚಿಸಿದೆ. ಒಕ್ಕೂಟಗಳಲ್ಲಿ ಪೂರ್ಣಾವಧಿಯ, ಸಂಬಳ ಪಡೆಯುವ ನೌಕರರು ಇರಬಾರದೆಂದು ಹೇಳುವವನು ನಾನಲ್ಲ. ನನ್ನ ತಕರಾರು ಮೊತ್ತದ ಬಗ್ಗೆ. ಅದನ್ನು ಮಾತ್ರ ಇಲ್ಲಿ ಹೇಳುತ್ತೇನೆ.

ಕೇಂದ್ರ ಸರ್ಕಾರದ ಖೇಲೋ ಇಂಡಿಯಾ ಯೋಜನೆಯಲ್ಲಿ ಆಯ್ಕೆಯಾದ ಕ್ರೀಡಾಪಟುವಿಗೆ ಕೈಖರ್ಚಿಗೆಂದು ತಿಂಗಳಿಗೆ 10,000 ರೂಪಾಯಿ ಸಿಗುತ್ತದೆ. ಒಲಿಂಪಿಕ್ ಪದಕದ ನಿರೀಕ್ಷೆಯಿರುವ, ಟಾಪ್ಸ್ ಯೋಜನೆಯ ಮುಖ್ಯ ಗುಂಪಿನವರಿಗೆ ತಿಂಗಳಿಗೆ 50,000. ಒಲಿಂಪಿಕ್ ಸಂಸ್ಥೆಯ ಸಿಇಒಗೆಂದು ಹೇಳಿದ ತಿಂಗಳಿಗೆ 20 ಲಕ್ಷ ಎಂದರೆ 200 ಮಕ್ಕಳ ಭತ್ಯೆ, ಅಥವಾ 40 ಒಲಿಂಪಿಕ್ ಆಕಾಂಕ್ಷಿಗಳ ಭತ್ಯೆ. ನಮ್ಮ ಶಾಲೆಯಲ್ಲಿ 800 ಮೀಟರ್ ಓಡುತ್ತಿದ್ದ ಇಬ್ಬರು ಹುಡುಗಿಯರಿಗೆ ಇದ್ದದ್ದು ಒಂದೇ ಜೊತೆ ಸ್ಪೈಕ್ಸ್ (ಓಟದ ಮೊಳೆ ಬೂಟು). ಅದು ದೊಡ್ಡವಳ ಅಳತೆಯದು. ಮೊದಲ ಹೀಟ್ಸ್ (ಅರ್ಹತಾ ಓಟ) ಮುಗಿಸಿದವಳು ಬಿಚ್ಚಿಕೊಟ್ಟರೆ, ಚಿಕ್ಕವಳು ತುದಿಗೆ ವೃತ್ತಪತ್ರಿಕೆಯ ಚೂರು ತುರುಕಿ ಲೇಸು ಬಿಗಿದುಕೊಂಡು ಓಡುತ್ತಿದ್ದಳು. ಆ ಕಾಗದದ ಉಂಡೆ ಬೆವರಿನಲ್ಲಿ ನೆನೆದು ಮುದ್ದೆಯಾಗಿ ಹೊರಬರುತ್ತಿದ್ದದ್ದು ಇಂದಿಗೂ ನನ್ನ ಕಣ್ಣ ಮುಂದಿದೆ. ಆದ್ದರಿಂದ 20 ಲಕ್ಷ ಎಂಬ ಅಂಕಿಯನ್ನು ನನಗೆ ಬೇರೆ ರೀತಿಯಲ್ಲಿ ಓದಲು ಬರುವುದಿಲ್ಲ.

ದೊಡ್ಡ ಸಂಬಳ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಕ್ರೀಡಾ ಒಕ್ಕೂಟವನ್ನು ಸೋಪು ಮಾರುವ ಕಂಪನಿಯೆಂದು ಭಾವಿಸಿದ್ದಾರೆ. ಅಮೆರಿಕದಲ್ಲಿ ಈ ವ್ಯವಸ್ಥೆ ಬಹುಕಾಲದಿಂದ ಇದೆ. ಅಲ್ಲಿ ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್ ನೂರಾರು ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಕೊಟ್ಟ ಪ್ರಕರಣ ಹೊರಬಂದಾಗ, 2017ರಲ್ಲಿ ಜಿಮ್ನಾಸ್ಟಿಕ್ಸ್ ಸಂಸ್ಥೆಯ ಮುಖ್ಯಸ್ಥ ಸ್ಟೀವ್ ಪೆನ್ನಿ ರಾಜೀನಾಮೆ ಕೊಟ್ಟರು. ನಿರ್ಗಮನದ ಪರಿಹಾರವಾಗಿ 10 ಲಕ್ಷ ಡಾಲರ್ ಪಡೆದರು. ಮರುವರ್ಷ ಹುದ್ದೆ ತೊರೆದ ಅಲ್ಲಿನ ಒಲಿಂಪಿಕ್ ಸಮಿತಿಯ ಸಿಇಒ ಸ್ಕಾಟ್ ಬ್ಲ್ಯಾಕ್‌ಮನ್ ಅವರಿಗೆ ಸಿಕ್ಕಿದ್ದು 24 ಲಕ್ಷ ಡಾಲರ್. ಸಂಬಳ ಅಲ್ಲಿ ಯಾವ ಮಗುವನ್ನೂ ಕಾಯಲಿಲ್ಲ.

ನಮ್ಮಲ್ಲಿ ಸಂಬಳವಿಲ್ಲದೆ ದುಡಿಯುವ ಬೇರೊಂದು ಪರಂಪರೆಯೂ ಇತ್ತು. ಮಂಡ್ಯದಲ್ಲಿ ಹುಟ್ಟಿ ವಕೀಲರಾಗಿದ್ದ ಎಂ. ಚಿನ್ನಸ್ವಾಮಿ ದಶಕಗಳ ಕಾಲ ರಾಜ್ಯ ಕ್ರಿಕೆಟ್ ಸಂಸ್ಥೆಗೆ ದುಡಿದರು, 1977ರಿಂದ 1980ರವರೆಗೆ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾಗಿದ್ದರು. ಬೆಂಗಳೂರಿನ ಕ್ರೀಡಾಂಗಣಕ್ಕೆ ಅವರ ಹೆಸರಿದೆ. 2017ರಲ್ಲಿ ಸುಪ್ರೀಂ ಕೋರ್ಟ್ ಕ್ರಿಕೆಟ್ ಮಂಡಳಿಗೆ ಆಡಳಿತಗಾರರ ಸಮಿತಿ ನೇಮಿಸಿತು. ಕೊನೆಯವರೆಗೂ ಉಳಿದ ವಿನೋದ್ ರಾಯ್ ಮತ್ತು ಡಯಾನಾ ಎಡುಲ್ಜಿ ಅವರಿಗೆ ತಲಾ ಸುಮಾರು 3.5 ಕೋಟಿ ರೂಪಾಯಿಗಳಷ್ಟು ಸಂಭಾವನೆ ನಿಗದಿಯಾಯಿತು. ಕೆಲವೇ ತಿಂಗಳು ಇದ್ದ ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾ ಮತ್ತು ವಿಕ್ರಮ್ ಲಿಮಯೆ ತಮ್ಮ ಪಾಲು ಬೇಡವೆಂದರು. ಕ್ರೀಡೆಯ ಮೇಲಿನ ಪ್ರೀತಿಯಿಂದ ಬರುವವರು ಇನ್ನೂ ಇದ್ದಾರೆಂಬುದಕ್ಕೆ ನನಗೆ ಇಷ್ಟು ಸಾಕು.

ಭಾರತ ಸರ್ಕಾರದ ಅತ್ಯುನ್ನತ ಅಧಿಕಾರಿಯಾದ ಸಂಪುಟ ಕಾರ್ಯದರ್ಶಿಯ ಮೂಲವೇತನ ತಿಂಗಳಿಗೆ 2.5 ಲಕ್ಷ ರೂಪಾಯಿ. ಒಕ್ಕೂಟದ ಸಿಇಒ ಸಂಬಳ ಅದನ್ನು ಮೀರಬಾರದು, ಅದು ಒಕ್ಕೂಟದ ಜಾಲತಾಣದಲ್ಲಿ ಪ್ರತಿವರ್ಷ ಪ್ರಕಟವಾಗಬೇಕು, ಹುದ್ದೆ ಬಿಟ್ಟುಹೋಗುವವರಿಗೆ ಕೊಡುವ ಪರಿಹಾರಕ್ಕೂ ಮಿತಿ ಇರಬೇಕು. ಇಷ್ಟನ್ನು ಬರೆದುಕೊಟ್ಟರೆ ವೃತ್ತಿಪರರ ನೇಮಕಕ್ಕೆ ನಾನು ಅಡ್ಡಿಪಡಿಸುವುದಿಲ್ಲ. ನನ್ನ ವಿರೋಧ ಇರುವುದು 20 ಲಕ್ಷಕ್ಕೆ.